ಗುಂಡಕಲ್ಲಿನ ಕೂಸು



ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಒಂದನೆಯ ತರಗತಿಗೇ ಪಾಠ ಹೇಳಿದ ಶಿಕ್ಷಕಿಯೊಬ್ಬರು ಈ ಉಪನ್ಯಾಸದ ದತ್ತಿಯನ್ನಿಟ್ಟಿದ್ದಾರೆ. ದೊಡ್ಡವರು ವರ್ಷಕ್ಕೊಂದು ತಾಸಾದರೂ ಒಟ್ಟಿಗೆ ಕೂತು ಮಕ್ಕಳ ವಿಷಯ ಮಾತಾಡಲಿ ಎಂಬುದು ಅವರು ಹಾಕಿದ ಒಂದೇ ಷರತ್ತು. ಹಿಂದಿನ ವರ್ಷಗಳಲ್ಲಿ ಇಲ್ಲಿ ಮಕ್ಕಳ ಓದು, ಮಕ್ಕಳ ಊಟ, ಮಕ್ಕಳ ಹಾಡುಗಳ ಬಗ್ಗೆ ಉಪನ್ಯಾಸಗಳಾಗಿವೆ. ನಾನು ಈ ಸಲ ಮಕ್ಕಳ ಕೈಯಲ್ಲಿರುವ ಆಟಿಕೆಯನ್ನು ಆರಿಸಿಕೊಂಡಿದ್ದೇನೆ. ಆ ಆಟಿಕೆಯನ್ನು ಯಾರ ಕೈಗೆ ಕೊಡುತ್ತೇವೆ, ಯಾರ ಕೈಯಿಂದ ಕಿತ್ತುಕೊಳ್ಳುತ್ತೇವೆ ಎಂಬುದು ನನ್ನ ವಿಷಯ.

ಹೋದ ಸಲದ ಜಾತ್ರೆಯಲ್ಲಿ ತಂಗಿಯ ಮೊಮ್ಮಗುವಿಗೆ ಏನಾದರೂ ಕೊಳ್ಳೋಣವೆಂದು ಆಟಿಕೆ ಸಾಮಾನಿನ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯಾತ ಮೊದಲು ಕೇಳಿದ ಮಾತು, "ಹುಡುಗಗೇನ್ರಿ, ಹುಡುಗಿಗೇನ್ರಿ?" ಎಷ್ಟು ವರ್ಷದ ಮಗು ಎಂದು ಕೇಳಿದ್ದು ಆಮೇಲೆ. ಎಡಕ್ಕೆ ಹಳದಿ ಜೆಸಿಬಿ, ಟ್ರ್ಯಾಕ್ಟರು, ಪೊಲೀಸ್ ಜೀಪು, ಪಿಸ್ತೂಲು. ಬಲಕ್ಕೆ ಗುಲಾಬಿ ಬಣ್ಣದ ಗ್ಯಾಸಿನ ಒಲೆ, ಬೆರಳುದ್ದದ ಕುಕ್ಕರು, ಕನ್ನಡಿ, ಬಾಚಣಿಗೆ, ಬಂಗಾರದ ಕೂದಲಿನ ಗೊಂಬೆ. ನಡುವೆ ಪೀಪಿ, ಬಲೂನು, ಗಿರಿಗಿಟ್ಟಲೆ. ನಮ್ಮ ಕೂಸಿಗೆ ಹದಿನಾಲ್ಕು ತಿಂಗಳು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಬಿಟ್ಟರೆ ಬೇರೇನೂ ತಿಳಿಯದ ಕೂಸು. ತಾನು ಅಂಗಡಿಯ ಎಡಗಡೆಗೆ ಸೇರಿದ್ದೋ ಬಲಗಡೆಗೋ ಅದಕ್ಕೆ ಗೊತ್ತಿಲ್ಲ. ಅಂಗಡಿಯಾತನಿಗೆ ಗೊತ್ತು, ನನಗೂ ಗೊತ್ತು. ಆತನನ್ನು ನಾನು ದೂರುವುದಿಲ್ಲ. ಕೇಳದೆ ಕೊಟ್ಟರೆ ಸಾಮಾನು ಸಂಜೆಗೆ ತಿರುಗಿ ಬರುತ್ತದೆ ಎಂದು ವರ್ಷಗಳ ವ್ಯಾಪಾರ ಆತನಿಗೆ ಕಲಿಸಿದೆ. ತಿರುಗಿ ಕೊಡುವವರು ನಾವೇ.

ಕನ್ನಡದ ಒಂದು ಧಾತುವನ್ನು ಇಲ್ಲಿ ನೆನೆಯಬೇಕು. ನಮ್ಮಲ್ಲಿ 'ಆಡು' ಎಂದರೆ ಆಟವೂ ಹೌದು, ಮಾತೂ ಹೌದು. ಮಗು ಚೆಂಡಾಡುತ್ತದೆ, ಮಾತಾಡುತ್ತದೆ. ಹಿರಿಯರು ಆಡಿದ್ದು ಎಂದಾಗ ಅದು ಅವರ ನುಡಿ, ಮಕ್ಕಳು ಆಡಿದ್ದು ಎಂದಾಗ ಅದು ಅವರ ಆಟ. ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದ ಪೂರ್ವಿಕರು ಏನು ಯೋಚಿಸಿದ್ದರೋ ಹೇಳಲಾರೆ. ಮಕ್ಕಳ ಲೋಕದಲ್ಲಿ ಮಾತ್ರ ಎರಡೂ ಜೊತೆಯಲ್ಲೇ ಸಾಗುತ್ತವೆ. ಯಾವ ಆಟಿಕೆಯೂ ಮಗುವಿನ ಕೈಗೆ ಬರಿದೇ ಬರುವುದಿಲ್ಲ, ಅದರ ಬೆನ್ನಿಗೆ ಯಾರೋ ಆಡಿದ ಒಂದು ಮಾತಿರುತ್ತದೆ. ಆ ಮಾತೇ ಆಟಿಕೆಗೆ ಗಂಡು ಹೆಣ್ಣಿನ ಗುರುತು ಹಚ್ಚುತ್ತದೆ.

ನಾನು ಬೆಳೆದದ್ದು ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ. ಆ ಸೀಮೆಯಲ್ಲಿ ಮಳೆಗಾಲವೆಂದರೆ ಮಣ್ಣಿನ ಹಬ್ಬಗಳ ಕಾಲ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ, ಮುಂದೆ ಮಣ್ಣಿನದೇ ಮೇವಿನ ಗ್ವಾದಲಿ ಇಟ್ಟು ಪೂಜೆ ಮಾಡುತ್ತಾರೆ. ಮರುದಿನ ಕಾಲು ಮುರಿದ ಎತ್ತನ್ನು ಹಿಡಿದುಕೊಂಡು ಹುಡುಗರ ದಂಡು ಮನೆಮನೆಗೆ ಹೋಗಿ ಜೋಳ ಬೇಡುತ್ತದೆ. ಅದಾದ ಮೇಲೆ ಆಷಾಢ. ಆಷಾಢದ ಮಂಗಳವಾರಗಳು ಹುಡುಗಿಯರವು. ಕೆರೆಯ ಮಣ್ಣು ತಂದು ನಾದಿ ಗುಳ್ಳವ್ವನನ್ನು ಮಾಡುವುದು, ಗುಲಗಂಜಿ, ಕುಸುಬಿ ಕಾಳುಗಳನ್ನು ಒತ್ತಿ ಅವಳಿಗೆ ಒಡವೆ ತೊಡಿಸುವುದು, ಆರತಿ ಮಾಡಿ ಹಾಡುವುದು, ಕಡೆಗೆ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗಿ ಅವಳನ್ನು ಕಳಿಸಿ ಬರುವುದು. ಎರಡಕ್ಕೂ ಮಣ್ಣು ಒಂದೇ ಕೆರೆಯದು. ಅಮಾವಾಸ್ಯೆಯಲ್ಲಿ ಅದು ಎತ್ತಾಗಿ ಹುಡುಗನ ಕೈಯಲ್ಲಿ ಹೊಲಕ್ಕೆ ಹೊರಡುತ್ತಿತ್ತು, ಆಷಾಢದಲ್ಲಿ ಗುಳ್ಳವ್ವನಾಗಿ ಹುಡುಗಿಯ ಕೈಯಲ್ಲಿ ಒಡವೆ ತೊಟ್ಟು ತವರಿನಿಂದ ಹೊರಡುತ್ತಿತ್ತು. ಈ ಹಬ್ಬಗಳ ಮೇಲೆ ನನಗೆ ತುಂಬ ಪ್ರೀತಿಯಿದೆ. ಮಣ್ಣನ್ನು ಹದಕ್ಕೆ ತರುವುದು, ಹೆಬ್ಬೆರಳಿನಿಂದ ತಿದ್ದಿ ರೂಪ ಕೊಡುವುದು ನನಗೆ ಶಾಲೆಗಿಂತ ಮೊದಲು ಸಿಕ್ಕಿದ್ದು ಅಲ್ಲಿಯೇ. ಆದರೆ ಹುಡುಗ ಎಂದರೆ ದುಡಿಮೆ, ಹುಡುಗಿ ಎಂದರೆ ಅಲಂಕಾರ ಮತ್ತು ಅಗಲಿಕೆ ಎಂಬ ಪಾಠವೂ ನನಗೆ ಸಿಕ್ಕಿದ್ದು ಅಲ್ಲಿಯೇ. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ, ಬೆರಳುಗಳೇ ಕಲಿತದ್ದು.

ನನ್ನ ತಮ್ಮನ ವಿಷಯ ಹೇಳಬೇಕು. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನಿಗೆ ಆಗ ಆರು ವರ್ಷ, ನನಗೆ ಒಂಬತ್ತು. ಚಿಗವ್ವನ ಕೂಸಿನ ತೊಟ್ಟಿಲ ಶಾಸ್ತ್ರ ನಮ್ಮ ಮನೆಯಲ್ಲೇ ಆಯಿತು. ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕುವ ಪದ್ಧತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಅರೆಯುವ ಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕುಂಚಿಗೆ ಕಟ್ಟಿ, ಗುಂಡಪ್ಪನೆಂದು ಕರೆದು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಆಮೇಲೆ ನಿಜವಾದ ಕೂಸು. ತಮ್ಮ ಕಂಬಕ್ಕೆ ಒರಗಿ ನಿಂತು ಇದನ್ನೆಲ್ಲ ಕಣ್ಣೆವೆಯಿಕ್ಕದೆ ನೋಡಿದ್ದ.

ಎರಡು ದಿನ ಬಿಟ್ಟು, ಎಲ್ಲರೂ ಹೊಲಕ್ಕೆ ಹೋದ ಹೊತ್ತಿನಲ್ಲಿ, ಅವನು ಚಟ್ನಿ ಅರೆಯುವ ಸಣ್ಣ ಗುಂಡಕಲ್ಲನ್ನು ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನಡುಮನೆಯಲ್ಲಿ ಕೂತಿದ್ದ. ಬಾಯಲ್ಲಿ ಅರ್ಧಂಬರ್ಧ ಜೋಗುಳ. ಅವನ ಎಡಗೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕಲ್ಲಿನ ಒಂದು ತುದಿಯ ಕೆಳಗೆ ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಕೊಟ್ಟಿದ್ದ. ಎಳೆಗೂಸಿನ ಕುತ್ತಿಗೆ ನಿಲ್ಲುವುದಿಲ್ಲ, ತಲೆಗೆ ಕೈ ಕೊಡಬೇಕು ಎಂದು ಅಜ್ಜಿ ಚಿಗವ್ವನಿಗೆ ಹೇಳಿದ್ದನ್ನು ಕೇಳಿಸಿಕೊಂಡು, ಕಲ್ಲಿಗೂ ಒಂದು ತಲೆ ಗೊತ್ತುಮಾಡಿ, ಅದಕ್ಕೆ ಕೈ ಕೊಟ್ಟಿದ್ದ. ಅಷ್ಟರಲ್ಲಿ ಸೋದರಮಾವ ಒಳಗೆ ಬಂದರು. ಕೆಟ್ಟವರಲ್ಲ, ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ಬೆಳೆಸಿದವರು. ಬಾಗಿಲಲ್ಲೇ ನಿಂತು ನಕ್ಕರು. "ಏನಲೇ ತಮ್ಮಾ, ಯಾವಾಗ ಹಡದಿ?" ಅವರ ಹಿಂದೆ ಬಂದ ಆಳು ನಕ್ಕ. ನಾನೂ ನಕ್ಕೆ. ತಮ್ಮ ಸೀರೆಯ ತುಂಡನ್ನು ಬಿಚ್ಚಿದ, ಕಲ್ಲನ್ನು ಉರುಳಿಸಿಕೊಂಡು ಹೋಗಿ ಒಳ್ಳಿನ ಪಕ್ಕಕ್ಕಿಟ್ಟ, ಹೊರಗೆ ಹೋಗಿ ತನ್ನ ಮಣ್ಣೆತ್ತನ್ನು ಹಿಡಿದು ಕಟ್ಟೆಯ ಮೇಲೆ ಕೂತ. ಅಳಲಿಲ್ಲ. ಮತ್ತೆಂದೂ ಕೂಸಿನ ಆಟ ಆಡಲೂ ಇಲ್ಲ.

ಇಪ್ಪತ್ತೆರಡು ವರ್ಷಗಳ ನಂತರ ಅವನಿಗೆ ಮಗಳು ಹುಟ್ಟಿದಳು. ನಾನು ಆಸ್ಪತ್ರೆಗೆ ಹೋದಾಗ ಅವನು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಅವನ ಮುಂದೆ ಹಿಡಿದೆ. ಎದ್ದು ಎರಡು ಹೆಜ್ಜೆ ಹಿಂದೆ ಸರಿದ. "ನನಗ ಕೂಸು ಹಿಡಿಯಾಕ ಬರಂಗಿಲ್ಲಕ್ಕಾ" ಎಂದ. ಆರು ವರ್ಷದವನಿದ್ದಾಗ ಅವನಿಗೆ ಬರುತ್ತಿತ್ತು.

ಈ ವಿಷಯದ ಬಗ್ಗೆ ಹೊರಗಿನ ದೇಶಗಳಲ್ಲಿ ನಡೆದ ಕೆಲಸವನ್ನು ನಾನು ವರ್ಷಗಳಿಂದ ಓದುತ್ತ ಬಂದದ್ದು ತಮ್ಮನ ಈ ಒಂದು ಮಾತಿನ ಸಲುವಾಗಿ. 1978ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರೊಲಿನ್ ಸ್ಮಿತ್ ಮತ್ತು ಬಾರ್ಬರಾ ಲಾಯ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಸರಳ ಪ್ರಯೋಗ ಮಾಡಿದರು. ಆರು ತಿಂಗಳ ಕೂಸೊಂದಕ್ಕೆ ಒಮ್ಮೆ ಹುಡುಗನ ಬಟ್ಟೆ ತೊಡಿಸಿ ಹುಡುಗನ ಹೆಸರು ಹೇಳುವುದು, ಇನ್ನೊಮ್ಮೆ ಹುಡುಗಿಯ ಬಟ್ಟೆ ತೊಡಿಸಿ ಹುಡುಗಿಯ ಹೆಸರು ಹೇಳುವುದು. ಆಡಿಸಲು ಕರೆದದ್ದು 32 ತಾಯಂದಿರನ್ನು. ಎಲ್ಲರೂ ಚೊಚ್ಚಿಲ ಕೂಸಿನ ತಾಯಂದಿರು. ಹುಡುಗನೆಂದುಕೊಂಡ ಕೂಸಿಗೆ ಅವರು ಸುತ್ತಿಗೆಯಾಕಾರದ ಗಿಲಕಿ ಕೊಟ್ಟರು, ಹುಡುಗಿಯೆಂದುಕೊಂಡ ಕೂಸಿಗೆ ಗೊಂಬೆ. ಹುಡುಗನೆಂದುಕೊಂಡ ಕೂಸು ಕೈಕಾಲು ಆಡಿಸಿದರೆ ಅದಕ್ಕೆ ಹೆಚ್ಚು ಉತ್ತೇಜನ ಸಿಕ್ಕಿತು. ತೊಟ್ಟ ಅಂಗಿ ಬದಲಾದರೆ ಸಾಕು, ಅದೇ ಕೂಸಿನ ಮುಂದೆ ಬೇರೆ ಲೋಕ ತೆರೆಯುತ್ತಿತ್ತು. ಆ ತಾಯಂದಿರಲ್ಲಿ ಯಾರಿಗೂ ಭೇದ ಮಾಡುವ ಮನಸ್ಸಿರಲಿಲ್ಲ. ನಮ್ಮ ಮಾವನಿಗೂ ಇರಲಿಲ್ಲ.

ಹುಟ್ಟುಗುಣವೇ ಹಾಗಿರಬಹುದಲ್ಲ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿದ್ದೀರಿ. ಅದು ನ್ಯಾಯವಾದ ಪ್ರಶ್ನೆ. 2002ರಲ್ಲಿ ಜೆರಿಯಾನ್ ಅಲೆಕ್ಸಾಂಡರ್ ಮತ್ತು ಮೆಲಿಸಾ ಹೈನ್ಸ್ ವರ್ವೆಟ್ ಜಾತಿಯ ಮಂಗಗಳ ಮುಂದೆ ಆಟಿಕೆಗಳನ್ನಿಟ್ಟು ನೋಡಿದರು. ಗಂಡುಮಂಗಗಳು ಚೆಂಡು ಮತ್ತು ಕಾರಿನೊಡನೆ ಹೆಚ್ಚು ಹೊತ್ತು ಕಳೆದವು, ಹೆಣ್ಣುಮಂಗಗಳು ಗೊಂಬೆ ಮತ್ತು ಬಾಣಲೆಯೊಡನೆ. ಚಿತ್ರಪುಸ್ತಕ ಮತ್ತು ತುಪ್ಪಳದ ನಾಯಿಯ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಂಗಗಳಿಗೆ ಅಂಗಡಿಯವನಿಲ್ಲ, ಸೋದರಮಾವನಿಲ್ಲ. ಹುಟ್ಟಿಗಿಂತ ಮೊದಲು ದೇಹದಲ್ಲಿ ಹರಿಯುವ ರಸಗಳಿಗೂ ಆಟದ ಒಲವಿಗೂ ನಂಟಿದೆ ಎಂದು ತೋರಿಸುವ ಅಧ್ಯಯನಗಳೂ ಇವೆ. ಅವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಂಗ ಅಡುಗೆ ಮಾಡುವುದಿಲ್ಲ. ಬಾಣಲೆಯಲ್ಲಿ ಅದು ಕಂಡದ್ದು ಬಣ್ಣವನ್ನೋ ಆಕಾರವನ್ನೋ ಇರಬೇಕು. ಬಾಣಲೆ ಎಂದರೆ ಅಡುಗೆಮನೆ, ಅಡುಗೆಮನೆ ಎಂದರೆ ಹೆಣ್ಣು ಎಂಬ ಕೊಂಡಿ ನಾವು ಹಾಕಿದ್ದು. ಒಲವಿನ ಬೀಜ ಹುಟ್ಟಿನಿಂದ ಬಂದಿರಬಹುದು. ಅದಕ್ಕೆ ಬೇಲಿ ಕಟ್ಟುವ ಕೆಲಸ ನಮ್ಮದು. ಅಷ್ಟಕ್ಕೂ ಮಗುವಿನ ಒಲವು ಅಷ್ಟು ಗಟ್ಟಿಯಾಗಿದ್ದರೆ ಗುಂಡಕಲ್ಲು ಹಿಡಿದವನನ್ನು ನೋಡಿ ನಗಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ.

ಆ ಬೇಲಿಯೂ ನಾವು ಅಂದುಕೊಂಡಷ್ಟು ಹಳೆಯದಲ್ಲ. ಗುಲಾಬಿ ಹೆಣ್ಣಿನ ಬಣ್ಣ, ನೀಲಿ ಗಂಡಿನದು ಎಂದು ಇವತ್ತು ಯಾವ ಅಂಗಡಿಯಲ್ಲಾದರೂ ಹೇಳುತ್ತಾರೆ. 1918ರಲ್ಲಿ ಅಮೆರಿಕದ ಒಂದು ವ್ಯಾಪಾರಿ ಪತ್ರಿಕೆ ಇದಕ್ಕೆ ತಿರುವುಮುರುವಾಗಿ, ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಗಂಡುಮಕ್ಕಳಿಗೆ ಒಪ್ಪುತ್ತದೆ, ನೀಲಿ ನಾಜೂಕಾದ್ದರಿಂದ ಹೆಣ್ಣುಮಕ್ಕಳಿಗೆ ಎಂದು ಸಲಹೆ ಕೊಟ್ಟಿತ್ತು. ನಮ್ಮ ಮನೆಗಳ ಹಳೆಯ ಆಲ್ಬಂ ತೆಗೆದು ನೋಡಿ. ಚೌಳಕ್ಕೆ ಮುಂಚೆ ಗಂಡುಕೂಸಿಗೆ ಜಡೆ ಹೆಣೆದು, ಮೊಗ್ಗು ಮುಡಿಸಿ, ಫ್ರಾಕು ತೊಡಿಸಿ, ಕಾಡಿಗೆ ಇಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಇರುತ್ತದೆ. ಮುಂದೆ ದಪ್ಪ ಮೀಸೆ ಬಿಟ್ಟ ಎಷ್ಟೋ ಅಜ್ಜಂದಿರ ಮೊದಲ ಫೋಟೋ ಅದೇ. ಅದರಿಂದ ಯಾರ ಗಂಡಸುತನಕ್ಕೂ ಕುಂದಾಗಲಿಲ್ಲ.

ಎಲಿಜಬೆತ್ ಸ್ವೀಟ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಸಿಯರ್ಸ್ ಮಳಿಗೆಯ ಹಳೆಯ ಕ್ಯಾಟಲಾಗುಗಳನ್ನು ದಶಕ ದಶಕವಾಗಿ ಹರಡಿಕೊಂಡು ಕೂತು ಅಭ್ಯಾಸ ಮಾಡಿದರು. 1975ರ ಕ್ಯಾಟಲಾಗಿನಲ್ಲಿ ಹುಡುಗರಿಗೆ ಅಥವಾ ಹುಡುಗಿಯರಿಗೆ ಎಂದು ಬಾಯಿಬಿಟ್ಟು ಹೇಳಿ ಮಾರಿದ ಆಟಿಕೆ 100ಕ್ಕೆ 2 ಕೂಡ ಇರಲಿಲ್ಲ. 1995ರ ಹೊತ್ತಿಗೆ ಹಾಗೆ ಪಾಲಾದ ಆಟಿಕೆಗಳು ಹೆಚ್ಚುಕಡಿಮೆ ಅರ್ಧದಷ್ಟಿದ್ದವು. ನಡುವೆ 1984ರಲ್ಲಿ ಮಕ್ಕಳ ಟಿವಿ ಕಾರ್ಯಕ್ರಮಗಳ ಮೇಲಿದ್ದ ಕಟ್ಟುಪಾಡುಗಳನ್ನು ಅಲ್ಲಿನ ಸರ್ಕಾರ ಸಡಿಲಿಸಿತು, ಆಟಿಕೆ ಮಾರಲೆಂದೇ ತಯಾರಾದ ಕಾರ್ಟೂನುಗಳು ಬಂದವು. ವ್ಯಾಪಾರದ ಲೆಕ್ಕ ಸುಲಭವಾಗಿದೆ. ಅಕ್ಕನ ಕೆಂಪು ಸೈಕಲ್ಲು ತಮ್ಮನಿಗೆ ಬರುತ್ತದೆ, ಅಕ್ಕನ ಗುಲಾಬಿ ಸೈಕಲ್ಲು ಬರುವುದಿಲ್ಲ. ಮನೆಗೆ ಇನ್ನೊಂದು ಸೈಕಲ್ಲು ಕೊಳ್ಳಬೇಕು. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೊರಟ ದಶಕಗಳಲ್ಲೇ ಅವರ ಆಟಿಕೆಗಳು ಇಷ್ಟು ಗುಲಾಬಿಯಾದವು ಎಂಬುದು ನನಗೆ ಬಹಳ ನೋವಿನ ಸಂಗತಿ.

ಬಾರ್ಬಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ರೂತ್ ಹ್ಯಾಂಡ್ಲರ್ ಈ ಗೊಂಬೆಯನ್ನು ಹೊರತಂದರು. ಅದಕ್ಕೆ ಮೊದಲು ಹುಡುಗಿಯರಿಗೆ ಸಿಗುತ್ತಿದ್ದುದು ಬಹುಪಾಲು ಕೂಸಿನ ಗೊಂಬೆ, ಆಡಲು ಸಿಗುತ್ತಿದ್ದ ಪಾತ್ರ ತಾಯಿಯದೊಂದೇ. ಬೆಳೆದ ಹೆಣ್ಣಿನ ಗೊಂಬೆ ಕೊಟ್ಟರೆ ಹುಡುಗಿ ತಾನು ಮುಂದೆ ಏನಾಗಬಹುದೆಂದು ಆಡಿ ನೋಡುತ್ತಾಳೆ ಎಂಬುದು ಹ್ಯಾಂಡ್ಲರ್ ಅವರ ಆಲೋಚನೆ. ಅದು ಒಳ್ಳೆಯ ಆಲೋಚನೆ. 1965ರಲ್ಲೇ ಬಾರ್ಬಿ ಗಗನಯಾತ್ರಿಯ ಉಡುಪು ತೊಟ್ಟಳು. ಆದರೆ ಅದಕ್ಕೆ ಎರಡು ವರ್ಷ ಮೊದಲು ಬಂದ ಒಂದು ಬಾರ್ಬಿಯ ಜೊತೆಯಲ್ಲಿ ತೂಕ ಇಳಿಸುವ ಪುಟ್ಟ ಪುಸ್ತಕವಿತ್ತು, ಅದು ಕೊಟ್ಟ ಉಪಾಯ ಊಟ ಬಿಡುವುದು. 1992ರಲ್ಲಿ ಮಾತಾಡುವ ಬಾರ್ಬಿ ಬಂದಾಗ ಅವಳ ಬಾಯಲ್ಲಿ ಹಾಕಿದ 270 ಮಾತುಗಳಲ್ಲಿ ಗಣಿತದ ಕ್ಲಾಸು ಕಷ್ಟ ಎಂಬುದೂ ಒಂದು. ವಿದ್ಯಾವಂತ ಹೆಂಗಸರ ಸಂಘಟನೆಗಳು ದನಿಯೆತ್ತಿದ ಮೇಲೆ ಕಂಪನಿ ಆ ಮಾತನ್ನು ತೆಗೆಯಿತು.

ಇದನ್ನು ಓದಿದಾಗೆಲ್ಲ ನನಗೆ ನಮ್ಮಜ್ಜಿಯ ಅಳಗುಳಿ ಮಣೆ ನೆನಪಾಗುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಬೀಜಕ್ಕೆ ಕೈ ಹಾಕುವ ಮೊದಲೇ ತಾನು ಯಾವ ಗುಳಿಯಲ್ಲಿ ಮುಗಿಸುತ್ತೇನೆ, ಎದುರಾಳಿಗೆ ಯಾವ ಗುಳಿ ಬರಿದಾಗುತ್ತದೆ, ಎರಡು ಕೈ ಆಚೆ ಏನಾಗುತ್ತದೆ ಎಂದು ಎಣಿಸಿರುತ್ತಿದ್ದಳು. ಮನಸ್ಸಿನಲ್ಲೇ ಕೂಡಿ ಕಳೆಯುವ ಗಣಿತ ಅದು. ನಾಡಿನ ತುಂಬ ಹೆಣ್ಣುಮಕ್ಕಳು ಈ ಮಣೆಯ ಮುಂದೆ ತಾಸುಗಟ್ಟಲೆ ಕೂತಿದ್ದಾರೆ. ಅದನ್ನು ಯಾರೂ ಗಣಿತವೆಂದು ಕರೆಯಲಿಲ್ಲ, ಕರಾವಳಿಯ ಚೆನ್ನೆಮಣೆಗೂ ಆ ಹೆಸರು ಸಿಗಲಿಲ್ಲ. ಹೆಂಗಸರು ಹೊತ್ತು ಕಳೆಯುವ ಆಟ ಎಂದರು. ಅಜ್ಜಿಯ ಎದುರು ಗೆಲ್ಲುತ್ತಿದ್ದ ನಾನು ಶಾಲೆಯಲ್ಲಿ ಲೆಕ್ಕಕ್ಕೆ ಹೆದರಿದೆ, ಲೆಕ್ಕ ಹುಡುಗರದ್ದು ಎಂದು ಅಷ್ಟರಲ್ಲಿ ಕೇಳಿಸಿಕೊಂಡಿದ್ದೆ.

ಹುಡುಗಿಯರ ಪಾಲಿಗೆ ಈ ನಲವತ್ತು ವರ್ಷಗಳಲ್ಲಿ ಒಂದಿಷ್ಟು ಬಾಗಿಲು ತೆರೆದಿದೆ. 2021ರಲ್ಲಿ ಲೆಗೊ ಕಂಪನಿ ತನ್ನ ಆಟಿಕೆಗಳಲ್ಲಿನ ಲಿಂಗ ಪಕ್ಷಪಾತವನ್ನು ತೆಗೆಯುವುದಾಗಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಮಳಿಗೆಗಳು ಎಲ್ಲ ಮಕ್ಕಳಿಗೂ ಸೇರಿದ ಆಟಿಕೆ ವಿಭಾಗ ಇಡಬೇಕೆಂಬ ಕಾನೂನು 2024ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲೂ ಮಗಳಿಗೆ ಸೈಕಲ್ಲು, ಕ್ರಿಕೆಟ್ ಬ್ಯಾಟು, ಬಿಲ್ಡಿಂಗ್ ಬ್ಲಾಕು ಕೊಡಿಸುವ ತಂದೆತಾಯಿ ಇದ್ದಾರೆ, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸಾಲದು, ಆದರೂ ಆಗಿದೆ. ಬಾರ್ಬಿಯ ಉದ್ಯೋಗ ಬದಲಿಸಿದರೆ ಸಾಕು ಎಂದು ತಿಳಿಯಬಾರದು ಅಷ್ಟೆ. ಅಮೆರಿಕದ ಆರೆಗನ್ನಿನಲ್ಲಿ 4ರಿಂದ 7 ವರ್ಷದ 37 ಹುಡುಗಿಯರೊಡನೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾರ್ಬಿಯೊಡನೆ ಐದು ನಿಮಿಷ ಆಡಿದ ಹುಡುಗಿಯರು ಹುಡುಗರಿಗೆ ಸಾಧ್ಯವಾಗುವ ಉದ್ಯೋಗಗಳು ತಮಗೆ ಸಾಧ್ಯವಾಗುವುದಕ್ಕಿಂತ ಹೆಚ್ಚು ಎಂದರು. ಬಾರ್ಬಿ ಡಾಕ್ಟರಳ ಕೋಟು ತೊಟ್ಟಿದ್ದರೂ ಉತ್ತರ ಹಾಗೆಯೇ ಇತ್ತು. ಆಲೂಗಡ್ಡೆಯಾಕಾರದ ಅಮ್ಮನ ಗೊಂಬೆಯೊಡನೆ ಆಡಿದವರಲ್ಲಿ ಆ ಅಂತರ ಕಡಿಮೆ.

ಹುಡುಗರ ಪಾಲಿಗೆ ಏನು ತೆರೆದಿದೆ? ಮಗನಿಗೆ ಗೊಂಬೆ ಕೊಡಿಸಿದೆವು ಎಂದು ಹೆಮ್ಮೆಯಿಂದ ಹೇಳಿದ ತಂದೆ ನನಗೆ ಈವರೆಗೆ ಒಬ್ಬರೂ ಸಿಕ್ಕಿಲ್ಲ. 1964ರಲ್ಲಿ ಹ್ಯಾಸ್ಬ್ರೊ ಕಂಪನಿ ಸೈನಿಕನ ಗೊಂಬೆಯೊಂದನ್ನು ತಯಾರಿಸಿತು, ಹೆಸರು ಜಿ.ಐ. ಜೋ. ಬಾರ್ಬಿಯಂತೆಯೇ ಕೈಕಾಲು, ಬದಲಿಸುವ ಬಟ್ಟೆ, ಜೊತೆಗೆ ಕೊಳ್ಳುವ ಸಾಮಾನು. ಆದರೆ ಗೊಂಬೆ ಎಂದರೆ ಹುಡುಗರು ಮುಟ್ಟುವುದಿಲ್ಲ, ಅಪ್ಪಂದಿರು ಕೊಳ್ಳುವುದಿಲ್ಲ ಎಂಬ ಭಯಕ್ಕೆ ಆ ಪದವನ್ನೇ ಬಿಟ್ಟು 'ಆ್ಯಕ್ಷನ್ ಫಿಗರ್' ಎಂಬ ಹೊಸ ಪದ ಹುಟ್ಟಿಸಿದರು. ಗೊಂಬೆ ಎಂಬ ಮಾತಿಗೆ ಅಷ್ಟು ಅಂಜಿಕೆ. ನಮ್ಮಲ್ಲೂ ಗೊಂಬೆಯಂಥ ಹುಡುಗಿ ಎಂದರೆ ಹೊಗಳಿಕೆ, ಹುಡುಗನನ್ನು ಗೊಂಬೆ ಎಂದರೆ ಅವನು ತಲೆಯೆತ್ತುವುದಿಲ್ಲ. 1993ರಲ್ಲಿ ಅಮೆರಿಕದ ಕೆಲವು ಕಲಾವಿದರು ಮಾತಾಡುವ ಬಾರ್ಬಿ ಮತ್ತು ಮಾತಾಡುವ ಜೋ ಗೊಂಬೆಗಳ ದನಿಪೆಟ್ಟಿಗೆಗಳನ್ನು ಅದಲುಬದಲು ಮಾಡಿ ಗುಟ್ಟಾಗಿ ಅಂಗಡಿಯಲ್ಲಿಟ್ಟರು. ಸೈನಿಕ ಮದುವೆಯ ಕನಸಿನ ಮಾತಾಡಿದ, ಬಾರ್ಬಿ ಸೇಡಿನ ಮಾತಾಡಿದಳು. ಪ್ಲಾಸ್ಟಿಕ್ಕು ಅದೇ, ಬಾಯಿಗೆ ಹಾಕಿದ ಮಾತು ಮಾತ್ರ ಬೇರೆ.

ಹುಡುಗಿಗೆ ಒಲೆ ಕೊಟ್ಟದ್ದು ಅನ್ಯಾಯ ಎಂದು ನಾವು ಇಷ್ಟು ದಿನ ಹೇಳುತ್ತ ಬಂದೆವು. ನಾನೂ ಹೇಳಿದ್ದೇನೆ, ಬರೆದಿದ್ದೇನೆ. ಈಗ ಆ ಮಾತನ್ನು ತಿದ್ದಿಕೊಳ್ಳುತ್ತೇನೆ. ಅಡುಗೆಯಾಟ ಒಳ್ಳೆಯ ಆಟ. ಮರಳಿನ ಅನ್ನ, ಇಟ್ಟಿಗೆ ಪುಡಿಯ ಖಾರ, ಎಲೆಯ ಪಲ್ಯ ಬಡಿಸುವಾಗ ಮಗು ಎದುರಿನವನ ಹಸಿವನ್ನು ಊಹಿಸಿಕೊಳ್ಳುತ್ತದೆ. ಅಂಥ ಆಟವನ್ನು ಹುಡುಗನಿಂದ ಕಿತ್ತುಕೊಂಡದ್ದು ನಾವು ಮಾಡಿದ ದೊಡ್ಡ ತಪ್ಪು. ಅದರ ಲೆಕ್ಕ ನಮ್ಮ ಮುಂದಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಸ್ವಲ್ಪವಾದರೂ ಕೈಹಾಕಿದ ಗಂಡಸರು 100ಕ್ಕೆ 26, ಹೆಂಗಸರು 81. ಹಾಗೆ ಕೈಹಾಕಿದವರಲ್ಲಿ ಹೆಂಗಸರು ಅದಕ್ಕೆ ಕೊಟ್ಟದ್ದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು, ಗಂಡಸರದೂ 88ಕ್ಕೆ ಇಳಿಯಿತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿದಿದೆ ಎಂದು ಸಮಾಧಾನ ಪಡುವ ಮೊದಲು ಗಂಡಸರ ಒಂಬತ್ತು ನಿಮಿಷವನ್ನೂ ನೋಡಬೇಕು. ಇದಕ್ಕೆಲ್ಲ ಆಟಿಕೆಯೇ ಕಾರಣ ಎನ್ನಲಾರೆ. ಆದರೆ ಎಳವೆಯಲ್ಲಿ ಬೆರಳು ಕಲಿಯದ ಕೆಲಸ ಮೂವತ್ತರಲ್ಲಿ ನನ್ನದೆನಿಸುವುದು ಕಷ್ಟ ಎಂದು ನನ್ನ ಮನೆಯಲ್ಲೇ ನೋಡಿದ್ದೇನೆ.

ರೋಲಾಂ ಬಾರ್ತ್ ಎಂಬ ಫ್ರೆಂಚ್ ಚಿಂತಕ 1957ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆಟಿಕೆಗಳ ಮೇಲೆ ಒಂದು ಪುಟ್ಟ ಪ್ರಬಂಧ ಬರೆದಿದ್ದಾನೆ. ದೊಡ್ಡವರ ಲೋಕವನ್ನೇ ಕುಗ್ಗಿಸಿ ಮಗುವಿನ ಕೈಗಿಟ್ಟರೆ ಅದು ಬಳಸುವ ಮಗುವಾಗುತ್ತದೆ, ಕಟ್ಟುವ ಮಗುವಾಗುವುದಿಲ್ಲ ಎಂಬುದು ಅವನ ಆಕ್ಷೇಪ. ಉಚ್ಚೆ ಹೊಯ್ಯುವ ಗೊಂಬೆ ಕೊಟ್ಟು ಹುಡುಗಿಯನ್ನು ಮುಂದಿನ ತಾಯ್ತನಕ್ಕೆ ಅಣಿಮಾಡುವುದನ್ನೂ ಅವನು ಗುರುತಿಸಿದ. ಪ್ಲಾಸ್ಟಿಕ್ಕು ಬಂದು ಮರ ಹೋಗುತ್ತಿದೆ ಎಂದು ಅವನಿಗೆ ಸಂಕಟವಿತ್ತು. ಅವನು ಹಂಬಲಿಸಿದ ಮರದ ಆಟಿಕೆ ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಇಂದಿಗೂ ತಯಾರಾಗುತ್ತಿದೆ. ಆಲೆಮರದ ತುಂಡು ತಿರುಗುತ್ತಿರುವಾಗ ಉಳಿ ಹಿಡಿದು ಕಡೆಯುತ್ತಾರೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಒಂದು ಕಾರ್ಖಾನೆಯಲ್ಲಿ ಹೆಣ್ಣುಮಗಳೊಬ್ಬಳು ಗಿಲಕಿ ಕಡೆಯುತ್ತಿದ್ದುದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಮಣಿಕಟ್ಟಿನಲ್ಲಿ ಬಳೆ, ಮುಂಗೈ ತುಂಬ ಮರದ ಹೊಟ್ಟು. ಉಳಿಯನ್ನು ಕೂದಲೆಳೆಯಷ್ಟು ಸರಿಸಿ ಗುಂಡಗೆ ತಂದಳು, ಹಳದಿ ಹಚ್ಚಿದಳು, ನಡುವೆ ಕೆಂಪು ಗೆರೆ ಎಳೆದಳು. ಯಾರ ಕೂಸಿಗೆ ಎಂದು ಕೇಳಬೇಕಾದ ವಸ್ತು ಅದಲ್ಲ. ಅದೇ ಕಾರ್ಖಾನೆಯಲ್ಲಿ ಅಡುಗೆ ಸೆಟ್ಟೂ ಇತ್ತು, ರೈಲೂ ಇತ್ತು, ರಾಜ ರಾಣಿಯೂ ಇದ್ದರು. ಯಾವುದರ ಮೇಲೂ ಗಂಡು ಹೆಣ್ಣೆಂಬ ಚೀಟಿ ಇರಲಿಲ್ಲ.

ಇನ್ನು ಮುಂದೆ ನಮ್ಮ ನೆಲದಲ್ಲಿ ಆಟಿಕೆಗಳು ಹೆಚ್ಚಲಿವೆ. 2020ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು. 2021ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಕಿನ್ನಾಳದ ಗೊಂಬೆಗಳ ಜಿಲ್ಲೆ ಅದು. ಹೊರಗಿನಿಂದ ಡಬ್ಬಿ ಬರುತ್ತಿದ್ದಾಗ ಅದರ ಬಣ್ಣ, ಅದರ ಮೇಲಿನ ಚಿತ್ರ ನಮ್ಮ ಕೈಯಲ್ಲಿರಲಿಲ್ಲ. ಈಗ ನಮ್ಮಲ್ಲೇ ಡಬ್ಬಿ ತಯಾರಾಗುವಾಗ ಒಲೆಯ ಡಬ್ಬಿಯ ಮೇಲೆ ಹುಡುಗನ ಚಿತ್ರವನ್ನೂ ಟ್ರ್ಯಾಕ್ಟರಿನ ಡಬ್ಬಿಯ ಮೇಲೆ ಹುಡುಗಿಯ ಚಿತ್ರವನ್ನೂ ಅಚ್ಚು ಹಾಕಿ ಎಂದು ಕೇಳುವ ಹಕ್ಕು ನಮಗಿದೆ. ತಯಾರಿಸುವವರು, ಮಾರುವವರು, ಸಬ್ಸಿಡಿ ಕೊಡುವವರು, ಮೂವರನ್ನೂ ಕೇಳೋಣ.

ಅಂಗನವಾಡಿಯ ಅಕ್ಕಂದಿರಲ್ಲಿ ನನ್ನದು ಬೇರೆಯೇ ಕೋರಿಕೆ. ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹುಡುಗನೊಬ್ಬ ಮೊದಲ ಸಲ ಮನೆಯವರ ಕಣ್ಣಿನಾಚೆ ಆಡುವುದು ನಿಮ್ಮ ಚಾಪೆಯ ಮೇಲೆ. ಅವನು ಗೊಂಬೆ ಎತ್ತಿಕೊಂಡರೆ ಏನೂ ಹೇಳಬೇಡಿ. ಹೊಗಳುವುದೂ ಬೇಡ, ಹೊಗಳಿದರೆ ಅದೊಂದು ವಿಶೇಷವೆಂದು ಅವನಿಗೆ ಗೊತ್ತಾಗಿಬಿಡುತ್ತದೆ. ಬಾಗಿಲಲ್ಲಿ ನಿಂತ ದೊಡ್ಡವರು ನಗದಂತೆ ಮಾತ್ರ ನೋಡಿಕೊಳ್ಳಿ. ಹುಡುಗಿ ಟ್ರ್ಯಾಕ್ಟರು ಹಿಡಿದು ಅಂಗಳವೆಲ್ಲ ಓಡಾಡಿದರೆ ಕೂತು ಆಡು ಎನ್ನಬೇಡಿ. ಇಷ್ಟಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಿಲ್ಲ.

ಸಂಘಟಕರಲ್ಲಿ ಕಡೆಯದೊಂದು ಬಿನ್ನಹ. ಈ ಉಪನ್ಯಾಸಕ್ಕೆಂದು ನೀವು ಇಟ್ಟಿರುವ ಗೌರವಧನವನ್ನು ನನಗೆ ಕೊಡಬೇಡಿ. ಅದರಲ್ಲಿ ಈ ಊರಿನ ಅಂಗನವಾಡಿಗೆ ಚನ್ನಪಟ್ಟಣದಿಂದ ಎರಡು ತೊಟ್ಟಿಲು, ಎರಡು ಗೊಂಬೆ, ಎರಡು ಗಾಡಿ, ಒಂದು ಅಳಗುಳಿ ಮಣೆ ತರಿಸಿ ಒಂದೇ ಬುಟ್ಟಿಯಲ್ಲಿ ಹಾಕಿಡಿ. ತೊಟ್ಟಿಲ ದುಡ್ಡಿಗೆ ನನ್ನ ತಮ್ಮನೂ ತನ್ನ ಪಾಲು ಕಳಿಸಿದ್ದಾನೆ, ಲಕೋಟೆ ಅಧ್ಯಕ್ಷರ ಮೇಜಿನ ಮೇಲಿದೆ.